ಜಡಿಮಳೆ, ನೆರಳಿನ ತೋಟದಲ್ಲಿ ಗುಲಾಬಿ ಸವರೋದು ಯಾವಾಗ, ಎಷ್ಟು?

ಜೂನ್ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಹುಡುಗರಿಂದ ಫೋನಿಗೆ ಒಂದೇ ಪ್ರಶ್ನೆ. "ಅಣ್ಣಾ, ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಬರ್ಬೇಕು, ಯಾವತ್ತು ಕಟಿಂಗ್ ಹೊಡೀಲಿ?" ಕೇಳೋರ ಹತ್ತಿರ ಲೆಕ್ಕ ಆಗಲೇ ತಯಾರಿರುತ್ತೆ. ಸವರಿದ ಸುಮಾರು 45 ದಿನಕ್ಕೆ ಹೂ ಬರುತ್ತೆ, ಹಬ್ಬದಿಂದ 45 ದಿನ ಹಿಂದಕ್ಕೆ ಎಣಿಸಿದ್ರೆ ದಿನ ಸಿಕ್ತು. ಲೆಕ್ಕ ಸುಳ್ಳಲ್ಲ. ಆದರೆ ಅದು ಬಿಸಿಲು ಬೀಳುವ, ಗಾಳಿಯಾಡುವ ತೋಟದ ಲೆಕ್ಕ. ನಿಮ್ಮ ಜಮೀನಿನ ಒಂದು ಪಕ್ಕಕ್ಕೆ ನಾಲ್ಕು ಮಹಡಿ ಕಟ್ಟಡ, ಇನ್ನೊಂದು ಪಕ್ಕಕ್ಕೆ ಸಿಲ್ವರ್ ಓಕ್ ಸಾಲು, ಮೇಲೆ ಹತ್ತು ದಿನ ಸೂರ್ಯನನ್ನೇ ಬಿಡದ ಜೂನ್ ಮೋಡ ಇದ್ದರೆ ಕ್ಯಾಲೆಂಡರ್ ನೋಡಿ ಕತ್ತರಿ ಹಿಡಿಯೋದು ಬಹಳ ಅಪಾಯದ ಕೆಲಸ.

ನಮ್ಮದು ನಾಗಸಂದ್ರ. 2015ರ ಮೇ ತಿಂಗಳಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂತು. ಆಮೇಲೆ ಖಾಲಿ ಇದ್ದ ಜಾಗದಲ್ಲೆಲ್ಲ ಕಟ್ಟಡ ಎದ್ದವು. ಹನ್ನೆರಡು ಗುಂಟೆ ಗುಲಾಬಿ ಇಟ್ಟುಕೊಂಡಿರೋ ನಮಗೆ ಅದರಿಂದ ಆದದ್ದು ಎರಡು: ಒಂದು ನೆರಳು, ಇನ್ನೊಂದು ಗಾಳಿ ನಿಂತುಹೋದದ್ದು. ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆಯ ಹೂವಿನ ರೈತರಿಗೂ ಒಂದಲ್ಲ ಒಂದು ಬದುವಿನಲ್ಲಿ ಇದೇ ಪರಿಸ್ಥಿತಿ ಇರುತ್ತೆ. ಹಾಗಾಗಿ ಈ ವಾರ ನೆರಳು ಮತ್ತು ತೇವ ಎರಡೂ ಸೇರಿದ ಜಾಗದಲ್ಲಿ ಗುಲಾಬಿ ಸವರೋ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಕತ್ತರಿಸಿದ ಜಾಗ ಅಂದ್ರೆ ಗಾಯ

ಹೆಸರಘಟ್ಟ ರಸ್ತೆ ಕಡೆ ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಒಂದು ವರ್ಷ ಹಬ್ಬ ಆಗಸ್ಟ್ ಮೊದಲ ವಾರದಲ್ಲೇ ಬಿದ್ದಿತ್ತು. ಅವನು ಜೂನ್ 20ರ ಸುಮಾರಿಗೆ ಆಳು ಕರೆಸಿ ಎಲ್ಲಾ ಗಿಡವನ್ನೂ ಒಂದೂವರೆ ಅಡಿಗೆ ಸಮನಾಗಿ ಹೊಡೆಸಿದ. ಮಾರನೇ ದಿನದಿಂದ ಐದು ದಿನ ತುಂತುರು. ಜೋರು ಮಳೆಯಲ್ಲ, ನಮ್ಮ ಕಡೆ ಜಡಿ ಅಂತೀವಲ್ಲ, ಅದು. ವಾರ ಕಳೆದ ಮೇಲೆ ನೋಡಿದರೆ ಕತ್ತರಿಸಿದ ತುದಿಗಳೆಲ್ಲ ಕಪ್ಪಾಗಿ, ಆ ಕಪ್ಪು ದಿನಕ್ಕಿಷ್ಟು ಅಂತ ಕೆಳಗಿಳೀತಾ ಇತ್ತು. ಚಿಗುರು ಬಂದ ಕಣ್ಣುಗಳೂ ಬಾಡಿ ಉದುರಿದವು. ಬಿಸಿಲಿದ್ದ ಸಾಲುಗಳು ಹೇಗೋ ಬದುಕಿಕೊಂಡವು. ಗೋಡೆ ಪಕ್ಕದ ನೆರಳಿನ ಸಾಲುಗಳಲ್ಲಿ ಮಾತ್ರ ಸಾಲಿಗೆ ನಾಲ್ಕೈದು ಗಿಡ ಬುಡದವರೆಗೂ ಒಣಗಿದವು. ಹಬ್ಬದ ಹೂ ಹೋಯ್ತು, ಗಿಡವೂ ಹೋಯ್ತು. ಹೊಸ ಸಸಿ ನೆಟ್ಟು ಅದು ಸರಿಯಾಗಿ ಕೊಯ್ಲಿಗೆ ಬರೋ ತನಕ ಆ ಜಾಗದಿಂದ ದುಡ್ಡಿಲ್ಲ.

ಇದು ಡೈಬ್ಯಾಕ್, ಅಂದರೆ ತುದಿಯಿಂದ ಟೊಂಗೆ ಒಣಗುತ್ತಾ ಬರುವ ರೋಗ. ಶಿಲೀಂಧ್ರ ಒಳಗೆ ಹೋಗೋದು ಕತ್ತರಿಸಿದ ಹಸಿ ಗಾಯದ ಮೂಲಕ. ಗಾಯ ಒಣಗೋಕೆ ಎರಡು ಮೂರು ದಿನ ಒಣ ಹವೆ ಸಿಕ್ಕರೆ ಗಿಡ ತಾನೇ ಬಾಗಿಲು ಮುಚ್ಚಿಕೊಳ್ಳುತ್ತೆ. ಸಿಗದೇ ಇದ್ದರೆ ಬಾಗಿಲು ತೆರೆದೇ ಇರುತ್ತೆ. ಇನ್ನೊಂದು ಮಾತು: ಸವರಿದ ಗಿಡ ಹೊಸ ಚಿಗುರು ಬಿಡೋದು ಕಡ್ಡಿ ಮತ್ತು ಬೇರಿನಲ್ಲಿ ಕೂಡಿಟ್ಟ ಆಹಾರದಿಂದ. ನೆರಳಿನ ಗಿಡದಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. ಅದಕ್ಕೇ ಬಿಸಿಲಿನ ಗಿಡ ತಡಕೊಳ್ಳೋ ಪೆಟ್ಟನ್ನ ನೆರಳಿನ ಗಿಡ ತಡಕೊಳ್ಳಲ್ಲ.

ಹಾಗಾಗಿ ಮುಖ್ಯ ವಿಷಯ ಇಲ್ಲೇ ಹೇಳಿಬಿಡ್ತೀನಿ. ತೇವದ ನೆರಳಿನ ತೋಟದಲ್ಲಿ ನಾವು ಸವರೋದು ಹೂ ತರಿಸೋಕೆ ಅಂತಲ್ಲ, ಗಿಡದೊಳಗೆ ಗಾಳಿ ಬೆಳಕು ಹೋಗಲಿ ಅಂತ. ಗಾಳಿ ಬೆಳಕು ಹೋದ್ರೆ ಹೂ ಹಿಂದೆಯೇ ಬರುತ್ತೆ.

ದಿನ ಆರಿಸೋದು ಹೇಗೆ?

ಬೆಂಗಳೂರಿನ ಮಳೆ ವಿಚಿತ್ರ. ಜೂನ್, ಜುಲೈನಲ್ಲಿ ಗಾಳಿ, ಮೋಡ, ತುಂತುರು. ನಿಜವಾದ ದೊಡ್ಡ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ ಹೆಚ್ಚು. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೂರು ನಾಲ್ಕು ದಿನ ಮತ್ತೆ ಜಡಿ. ಇದನ್ನೆಲ್ಲ ನೋಡಿಕೊಂಡು ನಾನು ವರ್ಷದ ದೊಡ್ಡ ಸವರುವಿಕೆಯನ್ನ ಅಕ್ಟೋಬರ್ ಎರಡನೇ ಭಾಗದಿಂದ ನವೆಂಬರ್ ಮೊದಲ ವಾರದ ನಡುವೆ ಇಟ್ಕೊಂಡಿದ್ದೀನಿ. ಆಗ ಸವರಿದರೆ ಡಿಸೆಂಬರ್ ಮಧ್ಯದಿಂದ ಹೂ ಶುರು. ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಎಲ್ಲಕ್ಕೂ ಸಿಗುತ್ತೆ. ನೆರಳಿನ ಸಾಲುಗಳು 45 ದಿನಕ್ಕೆ ಬರಲ್ಲ, ನಮ್ಮಲ್ಲಿ 55 ದಿನ ಹಿಡಿದದ್ದೂ ಇದೆ. ಆ ಹತ್ತು ದಿನ ಕೂಡಿಸಿಯೇ ಲೆಕ್ಕ ಹಾಕಿ.

ದಿನ ಗೊತ್ತು ಮಾಡೋಕೆ ನಿಮ್ಮ ಕೈಲಿರೋ ಫೋನೇ ಸಾಕು. ಹವಾಮಾನ ಇಲಾಖೆಯ ಮೇಘದೂತ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆ ಹಾಕಿದ್ರೆ ಮುಂದಿನ ಐದು ದಿನದ ಮಳೆ, ಗಾಳಿಯ ತೇವಾಂಶದ ಮುನ್ಸೂಚನೆ ಬರುತ್ತೆ. ಮಂಗಳವಾರ, ಶುಕ್ರವಾರ ಬೆಳೆ ಸಲಹೆಯೂ ಕನ್ನಡದಲ್ಲೇ ಇರುತ್ತೆ. ಫೋನ್ ಮಾಡಿ ಕೇಳೋರಿಗೆ ನಮ್ಮ ರಾಜ್ಯದ ವರುಣ ಮಿತ್ರ ಸಹಾಯವಾಣಿ ಇದೆ. ನನ್ನ ಕಟ್ಟುನಿಟ್ಟು ಇಷ್ಟೇ: ಹಿಂದಿನ ದಿನ ಮಳೆ ಇರಬಾರದು, ಮುಂದಿನ ಮೂರು ದಿನ ಮಳೆ ಸೂಚನೆ ಇರಬಾರದು. ಸವರೋದು ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿಸು. ಸಂಜೆ ಕತ್ತರಿಸಿದ ಗಾಯ ರಾತ್ರಿಯಿಡೀ ಮಂಜಿನಲ್ಲಿ ನೆನೆಯುತ್ತೆ. ಆಳು ಆ ದಿನ ಸಿಕ್ತಾರೆ ಅನ್ನೋ ಕಾರಣಕ್ಕೆ ಮಳೆ ಮೋಡದಲ್ಲಿ ಸವರಬೇಡಿ. ಕೂಲಿ ಉಳಿಯುತ್ತೆ, ಗಿಡ ಉಳಿಯಲ್ಲ.

ಹಾಗಾದ್ರೆ ವರಮಹಾಲಕ್ಷ್ಮಿ ಬಿಟ್ಟುಬಿಡಬೇಕಾ? ಬೇಡ. ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಬಿಡಿ ಹೂವಿನ ರೇಟು ಎಲ್ಲಿಗೆ ಏರುತ್ತೆ ಅಂತ ನನಗೂ ಗೊತ್ತು. ಆದರೆ ಅದಕ್ಕೆ ಇಡೀ ಗಿಡ ಹೊಡೆಯೋ ಅವಶ್ಯಕತೆ ಇಲ್ಲ. ಬಿಸಿಲಿನ ಸಾಲುಗಳನ್ನು ಮಾತ್ರ ಆರಿಸಿ, ಜೂನ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ, ಮೂರು ಕಂತಿನಲ್ಲಿ, ಹೂ ಮುಗಿದ ಕಡ್ಡಿಗಳನ್ನಷ್ಟೇ ಒಂದು ಒಂದೂವರೆ ಅಡಿ ಇಳಿಸಿ. ಎಲೆ ಗಿಡದ ಮೇಲೇ ಇರಲಿ. ಒಂದು ಕಂತು ಮಳೆಗೆ ಸಿಕ್ಕಿದರೂ ಇನ್ನೆರಡು ಉಳಿಯುತ್ತೆ. ನೆರಳಿನ ಸಾಲಿಗೆ ಜೂನ್‌ನಲ್ಲಿ ಒಣಗಿದ್ದು, ರೋಗ ಬಂದದ್ದು ಬಿಟ್ಟು ಬೇರೇನೂ ಕತ್ತರಿಸಬೇಡಿ.

ಮೊದಲು ಬಿಸಿಲು ಅಳೆಯಿರಿ

"ನಮ್ಮಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ" ಅಂತ ಎಲ್ಲರೂ ಹೇಳ್ತಾರೆ. ಒಂದು ಮೋಡವಿಲ್ಲದ ದಿನ, ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ, ಗಂಟೆಗೊಂದು ಸಲ ಅದೇ ಜಾಗದಲ್ಲಿ ನಿಂತು ತೋಟದ ಫೋಟೋ ತೆಗೆಯಿರಿ. ರಾತ್ರಿ ಕೂತು ಒಂದೊಂದು ಸಾಲಿಗೂ ಎಷ್ಟು ಫೋಟೋದಲ್ಲಿ ಬಿಸಿಲಿದೆ ಅಂತ ಎಣಿಸಿ. ಅಪ್ಪ, ತಾತ ಕಣ್ಣಲ್ಲೇ ಹೇಳ್ತಿದ್ರು, ನಿಜ. ಆದರೆ ಅವರ ಕಾಲದಲ್ಲಿ ಪಕ್ಕದ ಕಟ್ಟಡ ವರ್ಷಕ್ಕೊಂದು ಮಹಡಿ ಏರ್ತಿರಲಿಲ್ಲ.

ಆರು ಗಂಟೆ ಮತ್ತು ಅದಕ್ಕಿಂತ ಹೆಚ್ಚು ನೇರ ಬಿಸಿಲು ಬಿದ್ದರೆ ಮಾಮೂಲಿ ಗುಲಾಬಿ ತೋಟ. ನಾಲ್ಕರಿಂದ ಆರು ಗಂಟೆ ಆದರೆ ಈ ಲೇಖನದ ತೋಟ. ಅದರಲ್ಲೂ ಬೆಳಗಿನ ಬಿಸಿಲಾ, ಮಧ್ಯಾಹ್ನದ್ದಾ ನೋಡಿ. ಪೂರ್ವಕ್ಕೆ ತೆರೆದಿರೋ ಜಾಗದಲ್ಲಿ ಎಂಟಕ್ಕೇ ಎಲೆ ಮೇಲಿನ ಇಬ್ಬನಿ ಆರುತ್ತೆ. ಪೂರ್ವಕ್ಕೆ ಗೋಡೆ ಇದ್ದರೆ ಹನ್ನೊಂದಾದರೂ ಎಲೆ ಒದ್ದೆ. ಕಪ್ಪು ಚುಕ್ಕೆ ರೋಗದ ಬೀಜಾಣು ಎಲೆಗೆ ಅಂಟಿ ಒಳಗೆ ನುಗ್ಗೋಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಬೇಗ ಆರುವ ಎಲೆಯಲ್ಲಿ ಅದಕ್ಕೆ ಅಷ್ಟು ಸಮಯ ಸಿಗಲ್ಲ. ಒಂದೇ ತಳಿ, ಒಂದೇ ಗೊಬ್ಬರ ಹಾಕಿದ ಎರಡು ಸಾಲಿನಲ್ಲಿ ಒಂದಕ್ಕೆ ರೋಗ, ಇನ್ನೊಂದಕ್ಕೆ ಇಲ್ಲ ಅನ್ನೋದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಮರದ ನೆರಳಾದರೆ ಕೆಳಗಿನ ಕೊಂಬೆ ತೆಗೆಸಿ. ಪೂರ್ತಿ ಮರ ಕಡಿಯೋ ಮಾತೇ ಬೇಡ, ಅದಕ್ಕೆ ಅನುಮತಿ ಬೇಕಾಗಬಹುದು. ಬದುವಿನ ಮೇಲಿನ ಲಂಟಾನ, ಹುಲ್ಲು ಸವರಿದರೂ ಗಾಳಿ ಎಷ್ಟು ಬರುತ್ತೆ ಅಂತ ಒಮ್ಮೆ ನೋಡಿ. ಬೇಲಿ ಹಳೇ ಸೀರೆ, ತಗಡಿಂದ ಮುಚ್ಚಿದ್ದರೆ ಅದನ್ನೂ ಬಿಚ್ಚಿ.

ಕತ್ತರಿ ಕೆಲಸ

ಚೂಪಾದ ಪ್ರೂನಿಂಗ್ ಕತ್ತರಿ ಇರಲಿ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತೆ, ಜಜ್ಜಿದ ಗಾಯ ಒಣಗಲ್ಲ. ಒಂದು ಡಬ್ಬದಲ್ಲಿ ಸ್ಪಿರಿಟ್, ಒಂದು ಬಟ್ಟೆ ಜೊತೆಗಿರಲಿ. ಪ್ರತಿ ಗಿಡಕ್ಕೂ ಒರೆಸೋದು ಆಗಲ್ಲ ಅಂತೀರಾ, ಸರಿ, ರೋಗ ಇರೋ ಗಿಡ ಮುಟ್ಟಿದ ಮೇಲಾದರೂ ಒರೆಸಿ. ಇನ್ನೂ ಒಳ್ಳೇದು ಅಂದ್ರೆ ಆರೋಗ್ಯವಾದ ಸಾಲು ಮೊದಲು, ರೋಗದ ಸಾಲು ಕೊನೆಗೆ.

ಮೊದಲು ಬುಡ ನೋಡಿ. ನಮ್ಮ ಗಿಡಗಳು ಕಸಿ ಗಿಡಗಳು. ಕಸಿ ಗಂಟಿನ ಕೆಳಗಿಂದ ಬಂದ ಚಿಗುರು ಬೇರುಗಿಡದ್ದು, ಕಾಡು ಚಿಗುರು. ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೇದು ಅಂತ ಕೆಲವರು ಹೇಳ್ತಾರೆ, ಅದನ್ನ ನಂಬಬೇಡಿ. ಒಳ್ಳೇ ತಳಿಯಲ್ಲೂ ಏಳು ಎಲೆ ಬರುತ್ತೆ. ಮಣ್ಣು ಸರಿಸಿ ಅದು ಹುಟ್ಟಿದ ಜಾಗ ನೋಡಿ. ಗಂಟಿನ ಕೆಳಗಿದ್ದರೆ ಕತ್ತರಿಸಬೇಡಿ, ಹಿಡಿದು ಕೆಳಕ್ಕೆ ಸೀಳಿ ತೆಗೀರಿ. ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು ಬರುತ್ತೆ.

ಆಮೇಲೆ ಒಣಗಿದ ಕಡ್ಡಿ. ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಿ, ಈ ಲೇಖನದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳೋದಾದ್ರೆ ಇದೇ ಇರಲಿ. ಕಡ್ಡಿ ಕತ್ತರಿಸಿ ಒಳಗಿನ ತಿರುಳು ನೋಡಿ. ಬೆಳ್ಳಗೆ ಅಥವಾ ತೆಳು ಹಸಿರು ಇದ್ದರೆ ಸರಿ. ಕಂದು ಬಣ್ಣ ಇದ್ದರೆ ರೋಗ ಇನ್ನೂ ಕೆಳಗಿದೆ. ಹೊರಗಿನ ತೊಗಟೆ ಹಸಿರಾಗಿದ್ದರೂ ಅದನ್ನ ನಂಬಬೇಡಿ. ಇನ್ನೆರಡು ಇಂಚು ಕೆಳಗೆ ಕತ್ತರಿಸಿ, ಮತ್ತೆ ನೋಡಿ. ಬಿಳಿ ತಿರುಳು ಸಿಗೋ ತನಕ ಇಳೀತಾ ಹೋಗಿ, ಬುಡದವರೆಗೆ ಹೋದರೂ ಸರಿ. ಆ ಹೆಸರಘಟ್ಟ ರಸ್ತೆ ಹುಡುಗನ ತೋಟದಲ್ಲಿ ಮೋಡ ಸರಿದ ಮೇಲೆ ನಾವಿಬ್ಬರೂ ಕೂತು ಮಾಡಿದ್ದು ಇದೇ ಕೆಲಸ. ಎರಡು ದಿನ ಹಿಡೀತು. ಕಂದು ತಿರುಳು ಬಿಟ್ಟ ಗಿಡ ಮತ್ತೆ ಒಣಗಿತು, ಬಿಳಿ ಸಿಗೋವರೆಗೆ ಇಳಿಸಿದವು ಹೆಚ್ಚಿನವು ಚಿಗುರಿದವು.

ಒಣಗಿದ್ದು ಹೋದ ಮೇಲೆ, ಗಿಡದ ಮಧ್ಯಕ್ಕೆ ಬೆಳೆದಿರೋ, ಒಂದಕ್ಕೊಂದು ಉಜ್ಜುತ್ತಿರೋ ಕಡ್ಡಿ ತೆಗೆಯಿರಿ. ಮೇಲಿಂದ ನೋಡಿದರೆ ಗಿಡ ಬಟ್ಟಲಿನ ಹಾಗೆ ಕಾಣಬೇಕು, ನಡುವೆ ಖಾಲಿ. ಬಿಸಿಲಿನ ಗಿಡಕ್ಕೆ ಆರೇಳು ಕಡ್ಡಿ ಬಿಡ್ತೀವಿ ಅಂದ್ರೆ ನೆರಳಿನ ಗಿಡಕ್ಕೆ ನಾಲ್ಕೈದು ಸಾಕು. ಕಡ್ಡಿ ಕಡಿಮೆ ಮಾಡಿ, ಆದರೆ ಎತ್ತರ ಹೆಚ್ಚು ಇಳಿಸಬೇಡಿ. ಇದು ಉಲ್ಟಾ ಅನ್ನಿಸಬಹುದು. ಅಕ್ಟೋಬರ್‌ನಲ್ಲಿ ಬಿಸಿಲಿನ ಸಾಲನ್ನ ನಾನು 45ರಿಂದ 60 ಸೆಂಟಿಮೀಟರ್‌ಗೆ ಇಳಿಸ್ತೀನಿ. ನೆರಳಿನ ಸಾಲಲ್ಲಿ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಲ್ಲ. ಮೇಲೆ ಎಲೆ ಇದ್ದರೇನೇ ಸಿಕ್ಕಿದ ಅಷ್ಟಿಷ್ಟು ಬೆಳಕನ್ನ ಹಿಡಿಯೋದು.

ಕತ್ತರಿಸೋ ಜಾಗ: ಹೊರಮುಖವಾಗಿರೋ ಕಣ್ಣಿನ ಮೇಲೆ ಸುಮಾರು ಅರ್ಧ ಸೆಂಟಿಮೀಟರ್, ಕಣ್ಣಿನ ಕಡೆಗೆ ನೀರು ಹರಿಯದಂತೆ ಓರೆಯಾಗಿ. ಕಣ್ಣಿಗಿಂತ ತುಂಬಾ ಮೇಲೆ ಬಿಟ್ಟರೆ ಆ ಮೊಂಡು ತುದಿ ಕೊಳೆತು ಕೆಳಗಿನ ಕಣ್ಣನ್ನೂ ತಿನ್ನುತ್ತೆ.

ಬಿಡಿ ಹೂ ಕೀಳೋರಿಗೆ ಇಲ್ಲೊಂದು ಕಿವಿಮಾತು. ಕೂಲಿಗೆ ಬರೋರು ತಲೆ ಮಾತ್ರ ಚಿವುಟಿ ಹೋಗ್ತಾರೆ, ಅವರ ಕೆಲಸ ಅಷ್ಟೇ. ಉಳಿದ ತೊಟ್ಟು ಮಳೆಗಾಲದಲ್ಲಿ ಕೊಳೆತು ರೋಗದ ಬಾಗಿಲಾಗುತ್ತೆ. ವಾರಕ್ಕೊಂದು ದಿನ, ಮಳೆ ಇಲ್ಲದ ಬೆಳಗ್ಗೆ, ನೀವೇ ಒಂದು ಸುತ್ತು ಹೋಗಿ ಆ ತೊಟ್ಟುಗಳನ್ನ ಕೆಳಗಿನ ಮೊದಲ ಐದೆಲೆಯ ಮೇಲಕ್ಕೆ ಕತ್ತರಿಸಿ. ಈ ಕೆಲಸ ಸರಿಯಾಗಿ ನಡೆದ್ರೆ ಅಕ್ಟೋಬರ್‌ನಲ್ಲಿ ಸವರೋಕೆ ಹೆಚ್ಚೇನೂ ಉಳಿಯಲ್ಲ.

ಗಾಯಕ್ಕೆ ಮುಲಾಮು

ಪೆನ್ಸಿಲ್‌ಗಿಂತ ದಪ್ಪ ಇರೋ ಎಲ್ಲಾ ಗಾಯಕ್ಕೂ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ. ಒಂದು ಲೀಟರ್ ಮಾಡೋಕೆ 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ, ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು. ಎರಡನ್ನೂ ಸೇರಿಸಿದ ಮೇಲೆ ಹೊಳಪಿರೋ ಕಬ್ಬಿಣದ ಮೊಳೆ ಅದ್ದಿ ನೋಡಿ. ಮೊಳೆ ಮೇಲೆ ತಾಮ್ರದ ಕೆಂಪು ಬಂದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಹಳೇ ಪೇಂಟ್ ಬ್ರಷ್ ಸಾಕು. ಅಂದು ಮಾಡಿದ್ದು ಅಂದೇ ಖಾಲಿ ಮಾಡಿ. ಇದೇ ಬೋರ್ಡೋವನ್ನ ತಂಪು ಮೋಡದ ದಿನ ಎಲೆಗೆ ಸಿಂಪಡಿಸಿದರೆ ಎಲೆ ಸುಡಬಹುದು, ಹಾಗಾಗಿ ಗಾಯಕ್ಕೆ ಮಾತ್ರ ಇಟ್ಟುಕೊಳ್ಳಿ.

ಕತ್ತರಿಸಿದ ಕಡ್ಡಿ, ಉದುರಿದ ಎಲೆ ಒಂದೂ ಸಾಲಲ್ಲಿ ಬಿಡಬೇಡಿ. ಕಪ್ಪು ಚುಕ್ಕೆಯ ಬೀಜಾಣು ಆ ಎಲೆಗಳಲ್ಲೇ ಕೂತಿದ್ದು ಮಳೆ ಹನಿ ಸಿಡಿದಾಗ ಮತ್ತೆ ಮೇಲಕ್ಕೆ ಹಾರುತ್ತೆ. ರೋಗದ ಎಲೆಯನ್ನ ಗೊಬ್ಬರದ ಗುಂಡಿಗೂ ಹಾಕಬೇಡಿ, ದೂರದಲ್ಲಿ ಆಳವಾಗಿ ಹೂಳಿ. ಜಡಿ ಶುರುವಾಗೋ ಮುಂಚೆ ಮ್ಯಾಂಕೊಜೆಬ್ ಲೀಟರ್‌ಗೆ 2 ಗ್ರಾಂ, ಎಲೆಯ ಅಡಿಗೂ ತಾಗೋ ಹಾಗೆ ಸಿಂಪಡಿಸಿದ್ರೆ ಕಪ್ಪು ಚುಕ್ಕೆ ತಡೆಯುತ್ತೆ. ರೋಗ ಬಂದ ಮೇಲೆ ಅದು ಅಷ್ಟು ಕೆಲಸ ಮಾಡಲ್ಲ. ಡಿಸೆಂಬರ್, ಜನವರಿಯಲ್ಲಿ ಹಗಲು ಒಣ, ರಾತ್ರಿ ತಂಪು ಇದ್ದಾಗ ಬರೋ ಬಿಳಿ ಪುಡಿ ಬೂದಿ ರೋಗ. ಅದಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರ್‌ಗೆ 2 ಗ್ರಾಂ. ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ, ಡಬ್ಬದ ಮೇಲಿನ ಚೀಟಿ ಓದಿ.

ಎಲೆ ಮೇಲೆ ನೇರಳೆ ಕೆಂಪು ಕಲೆ ಬಂದು ಎರಡು ಮೂರು ದಿನದಲ್ಲಿ ಎಲೆ ರಾಶಿ ರಾಶಿ ಉದುರಿದರೆ ಅದು ಕಪ್ಪು ಚುಕ್ಕೆ ಅಲ್ಲ, ಡೌನಿ ಇರಬಹುದು. ಅದರ ಔಷಧಿಯೇ ಬೇರೆ. ಅಂಗಡಿಯವರು ಕೊಟ್ಟದ್ದನ್ನ ಹೊಡೆಯೋ ಬದಲು ಎಲೆ ಸಮೇತ ಹೆಸರಘಟ್ಟದ ಐಐಎಚ್‌ಆರ್‌ಗೆ ಹೋಗಿ. ದೊಡ್ಡಬಳ್ಳಾಪುರದ ಕಡೆಯವರಿಗೆ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಐಐಎಚ್‌ಆರ್‌ಗೆ ಹೋದಾಗ ಅವರೇ ಹೊರತಂದ ಅರ್ಕಾ ಪರಿಮಳ, ಅರ್ಕಾ ಸವಿ ಗುಲಾಬಿಗಳನ್ನೂ ನೋಡಿ ಬನ್ನಿ. ನಮ್ಮ ಹವೆಯಲ್ಲೇ ಬೆಳೆದು ಆರಿಸಿದ ತಳಿಗಳು.

ಕುರುಡು ಚಿಗುರು, ಬಾಗಿಸೋದು, ಗೊಬ್ಬರ

ನೆರಳಿನ ಸಾಲಲ್ಲಿ ಮೊಗ್ಗೇ ಬರದ ಚಿಗುರು ಜಾಸ್ತಿ. ತುದಿಗೆ ಎಲೆ ಬಂದು ನಿಂತುಬಿಡುತ್ತೆ. ಬೆಳಕು ಸಾಲದ್ದೇ ಕಾರಣ. ಇದನ್ನ ಕಂಡಕೂಡಲೇ ಕತ್ತರಿಸೋದು ರೂಢಿ. ಪಾಲಿಹೌಸ್‌ನಲ್ಲಿ ಡಚ್ ಗುಲಾಬಿ ಮಾಡೋರು ಬೇರೆ ಥರ ಮಾಡ್ತಾರೆ: ಅಂಥ ತೆಳು ಚಿಗುರನ್ನ ಮುರಿಯದ ಹಾಗೆ ಹೊರಗಡೆ, ಸಾಲಿನ ಪಕ್ಕಕ್ಕೆ ಬಾಗಿಸಿಬಿಡ್ತಾರೆ. ಬಾಗಿದ ಕಡ್ಡಿಯ ಎಲೆ ಗಿಡಕ್ಕೆ ಊಟ ಹಾಕುತ್ತೆ, ಬಾಗಿದ ಜಾಗದಿಂದ, ಬುಡದಿಂದ ದಪ್ಪ ಚಿಗುರು ಏಳುತ್ತೆ. ನೆರಳಿನ ತೋಟಕ್ಕೆ ಇದು ಬಹಳ ಒಪ್ಪುತ್ತೆ. ಗಾಯವೂ ಇಲ್ಲ, ಎಲೆಯೂ ಉಳೀತು. ಬಾಗಿಸಿದ ಎಲೆ ಮಣ್ಣಿಗೆ ತಾಗದಂತೆ ಮಾತ್ರ ನೋಡಿಕೊಳ್ಳಿ. ರೋಗ ಬಂದರೆ ಆಗ ತೆಗೀರಿ.

ಅಕ್ಟೋಬರ್ ಸವರುವಿಕೆ ಆದ ವಾರಕ್ಕೆ ಗಿಡಕ್ಕೆ 10 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಬುಡದಿಂದ ಒಂದು ಗೇಣು ದೂರದಲ್ಲಿ. ನೆರಳಿನ ಸಾಲಿಗೆ ಯೂರಿಯಾ ಕೈ ಹಿಡಿದು ಹಾಕಿ. ಬೆಳಕಿಲ್ಲದ ಕಡೆ ಸಾರಜನಕ ಜಾಸ್ತಿಯಾದರೆ ಚಿಗುರು ಮೆತ್ತಗೆ ಉದ್ದ ಬಂದು ಬೂದಿ ರೋಗಕ್ಕೆ ಆಹಾರ ಆಗುತ್ತೆ. ನೀರು ಡ್ರಿಪ್‌ನಲ್ಲೇ, ಬೆಳಗ್ಗೆಯೇ. ಪೈಪ್ ಹಿಡಿದು ಎಲೆ ತೊಳೆಯೋ ಅಭ್ಯಾಸ ಇದ್ದರೆ ಬಿಡಿ. ನಮ್ಮ ಕೆಂಪು ಜಿಗುಟು ಮಣ್ಣಲ್ಲಿ ಮಡಿ ಒಂದಡಿ ಎತ್ತರ ಇರಬೇಕು, ಕಾಲುವೆಯಲ್ಲಿ ಮಳೆ ನಿಂತ ಒಂದೆರಡು ಗಂಟೆಗೆ ನೀರು ಕಾಣಬಾರದು. ಹಳಬರು ಸವರಿದ ಮೇಲೆ ಬುಡ ಬಿಡಿಸಿ ಬೇರನ್ನ ಬಿಸಿಲಿಗೆ ಒಣಗಿಸೋ ಪದ್ಧತಿ ಹೇಳ್ತಾರೆ. ಅದು ಒಣ ಸೀಮೆಗೆ ಸರಿ, ತೇವದ ಮಣ್ಣಲ್ಲಿ ಬೇಡ.

ಇನ್ನು ಫೋಟೋ ಎಣಿಸಿದಾಗ ಮೂರು ಗಂಟೆಯೂ ಬಿಸಿಲು ಬೀಳದ ಸಾಲು ಸಿಕ್ಕಿದರೆ? ಅಲ್ಲಿ ಯಾವ ಕತ್ತರಿಯೂ ಕೆಲಸ ಮಾಡಲ್ಲ. ನಮ್ಮಲ್ಲಿ ಗೋಡೆ ಪಕ್ಕದ ಎರಡು ಸಾಲು ಹಾಗಿತ್ತು. ಅಲ್ಲಿನ ಗುಲಾಬಿ ಕಿತ್ತು ಕನಕಾಂಬರ ಹಾಕಿದೆವು. ಅರೆನೆರಳಲ್ಲೂ ಅದು ಹೂ ಬಿಡುತ್ತೆ, ಶ್ರಾವಣದಲ್ಲಿ ಕಟ್ಟೋಕೆ ಕೇಳ್ಕೊಂಡು ಮನೆಗೇ ಬರ್ತಾರೆ.